ಗೌಪ್ಯತಾ ನೀತಿಯಲ್ಲಿ ಅಡಗಿರುವ ಮಾರಾಟದ ಷರತ್ತು

ಜಾಲತಾಣಗಳ ಗೌಪ್ಯತಾ ನೀತಿಯನ್ನು ಓದತೊಡಗಿದವರು ಮೊದಲು ಹುಡುಕಬೇಕಾದದ್ದು, ಕಂಪನಿ ಮಾರಾಟವಾದರೆ ಗ್ರಾಹಕರ ಮಾಹಿತಿ ಏನಾಗುತ್ತದೆ ಎಂದು ಹೇಳುವ ಭಾಗವನ್ನು. ಆ ಭಾಗ ಹುಟ್ಟಿಕೊಂಡದ್ದಕ್ಕೆ ಒಂದು ಇತಿಹಾಸವಿದೆ.

1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ರೂಪಿಸಿದ ಕುಕಿಯ (ತಾಣವು ಬ್ರೌಸರಿನಲ್ಲಿ ಉಳಿಸಿಡುವ ಸಣ್ಣ ಗುರುತಿನ) ಉದ್ದೇಶ, ಹಿಂದೆ ಬಂದುಹೋದ ಬ್ರೌಸರನ್ನು ತಾಣವು ಗುರುತು ಹಿಡಿಯುವುದಷ್ಟೇ ಆಗಿತ್ತು. ಜಾಹೀರಾತು ಜಾಲಗಳು ಅದನ್ನೇ ಬಳಸಿ, ಒಬ್ಬ ವ್ಯಕ್ತಿ ಬೇರೆ ಬೇರೆ ತಾಣಗಳಲ್ಲಿ ಏನೇನು ನೋಡಿದನೆಂಬುದನ್ನು ಜೋಡಿಸತೊಡಗಿದವು. 1998ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಪರಿಶೀಲಿಸಿದಾಗ, ಮಾಹಿತಿ ಸಂಗ್ರಹದ ಬಗ್ಗೆ ಏನಾದರೂ ತಿಳಿಸುತ್ತಿದ್ದ ವಾಣಿಜ್ಯ ತಾಣಗಳು ಶೇ. 14 ಮಾತ್ರ.

ಕಾನೂನು ಬರುವ ಮೊದಲೇ ಕಂಪನಿಗಳು ತಾವಾಗಿ ನೀತಿಗಳನ್ನು ಪ್ರಕಟಿಸಿದವು. ಆ ದಿನಗಳಲ್ಲಿ ಅವು ನಿಜಕ್ಕೂ ವಾಗ್ದಾನಗಳಾಗಿದ್ದವು. ಆಟಿಕೆ ಮಾರುತ್ತಿದ್ದ ಟಾಯ್‌ಸ್ಮಾರ್ಟ್, ಗ್ರಾಹಕರ ಮಾಹಿತಿಯನ್ನು ಮೂರನೆಯವರಿಗೆ ಎಂದಿಗೂ ಕೊಡುವುದಿಲ್ಲವೆಂದು ಬರೆದಿತ್ತು. 2000ದಲ್ಲಿ ಅದು ದಿವಾಳಿಯಾಗಿ, ಮಕ್ಕಳ ಹೆಸರು ಮತ್ತು ಹುಟ್ಟಿದ ದಿನಾಂಕಗಳೂ ಇದ್ದ ಗ್ರಾಹಕರ ಪಟ್ಟಿಯನ್ನೇ ಮಾರಾಟಕ್ಕಿಟ್ಟಿತು. ಕಮಿಷನ್ ಮೊಕದ್ದಮೆ ಹೂಡಿತು. ಕೊನೆಗೆ ಡಿಸ್ನಿಯ ಅಂಗಸಂಸ್ಥೆಯೊಂದು 50,000 ಡಾಲರ್ ತೆತ್ತು ಪಟ್ಟಿಯನ್ನು ನಾಶಪಡಿಸುವ ವ್ಯವಸ್ಥೆಯಾಯಿತು.

ಗ್ರಾಹಕರು ಗೆದ್ದರು, ನಿಜ. ಆದರೆ ಉದ್ಯಮ ಕಲಿತ ಪಾಠ ಬೇರೆಯೇ: ಅಂಥ ಮಾತನ್ನು ಕೊಡಲೇಬಾರದು. ಅದೇ ವರ್ಷ ಅಮೆಜಾನ್ ತನ್ನ ನೀತಿಯನ್ನು ಬದಲಿಸಿ, ವ್ಯವಹಾರ ಕೈಬದಲಾದರೆ ಗ್ರಾಹಕರ ಮಾಹಿತಿಯೂ ಆಸ್ತಿಯಾಗಿ ಜೊತೆಗೆ ಹೋಗುತ್ತದೆಂದು ಸೇರಿಸಿತು. ಇಂದು ಈ ಷರತ್ತು ದೊಡ್ಡ ಕಂಪನಿಗಳ ನೀತಿಗಳಲ್ಲಿ ಮಾಮೂಲಿ. 2004ರಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾನೂನು ನೀತಿ ಪ್ರಕಟಿಸುವುದನ್ನು ಕಡ್ಡಾಯಗೊಳಿಸಿತೇ ಹೊರತು, ಮಾಹಿತಿ ಹಂಚುವುದನ್ನು ತಡೆಯಲಿಲ್ಲ.

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು ಗೌಪ್ಯತಾ ನೀತಿಯನ್ನು ಕಡ್ಡಾಯ ಮಾಡಿದವು. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡವೂ ಸೇರಿ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಲು ಅವಕಾಶ ಕೊಡಬೇಕೆನ್ನುತ್ತದೆ. ಇದು ದೊಡ್ಡ ಹೆಜ್ಜೆ. ಆದರೂ ಆ ಸೂಚನೆಯಲ್ಲಿ ಇರಲೇಬೇಕಾದದ್ದು ಯಾವ ಮಾಹಿತಿ, ಯಾವ ಉದ್ದೇಶ, ಹಕ್ಕು ಚಲಾಯಿಸುವುದು ಮತ್ತು ದೂರು ಕೊಡುವುದು ಹೇಗೆ ಎಂಬಷ್ಟೇ. ಮಾಹಿತಿ ಯಾರ ಯಾರಿಗೆ ಹೋಗಿದೆ ಎಂಬುದನ್ನು ಕಾಯ್ದೆಯ 11ನೇ ಕಲಮಿನಡಿ ನಾವೇ ಕೋರಿಕೆ ಸಲ್ಲಿಸಿ ಕೇಳಬೇಕಾಗುತ್ತದೆ.