ಪದ ಪರಿಚಯ: ಪವರ್ ಪಾಪ್

ಪಶ್ಚಿಮದಿಂದ ಬಂದ ಯಾವ ಹಾಡನ್ನಾದರೂ ‘ಪಾಪ್’ ಎಂದುಬಿಡುವ ರೂಢಿ ನಮ್ಮಲ್ಲಿದೆ. ಮೂಲದಲ್ಲಿ ಅದು ‘ಪಾಪ್ಯುಲರ್’ ಎಂಬುದರ ಮೊಟಕು ರೂಪ, ಅಂದರೆ ಜನಪ್ರಿಯವಾದದ್ದು ಎಂದೇ ಅರ್ಥ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ‘ಪವರ್ ಪಾಪ್’ ಎಂಬ ಪದದ ಬಳಿಗೆ ಹೋದರೆ ಒಂದು ತೊಡಕು ಎದುರಾಗುತ್ತದೆ. ಈ ಹೆಸರಿನಡಿಯಲ್ಲಿ ಇಂದು ಅತ್ಯಂತ ಗೌರವದಿಂದ ನೆನೆಯಲಾಗುವ ಆಲ್ಬಮ್‌ಗಳಲ್ಲಿ ಹಲವು ತಮ್ಮ ಕಾಲದಲ್ಲಿ ಜನರನ್ನು ತಲುಪಲೇ ಇಲ್ಲ. ರೇಡಿಯೊದಲ್ಲಿ ಬರಬೇಕೆಂದೇ ಬರೆದ, ಒಮ್ಮೆ ಕೇಳಿದರೆ ಗುನುಗುವಂತಿದ್ದ ಹಾಡುಗಳು ಹತ್ತಾರು ವರ್ಷ ಎಲೆಮರೆಯ ಕಾಯಿಗಳಾಗಿ ಉಳಿದವು. ಪವರ್ ಪಾಪ್ ಎಂದರೇನು ಎಂದು ವಿವರಿಸಹೊರಟವರು ಅವು ಏಕೆ ಹಾಗೆ ಉಳಿದವು ಎಂಬುದನ್ನೂ ವಿವರಿಸಬೇಕಾಗುತ್ತದೆ.

ಪದ ಹುಟ್ಟಿದ್ದು 1967ರಲ್ಲಿ. ಬ್ರಿಟನ್ನಿನ ‘ದ ಹೂ’ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಆ ವರ್ಷದ ಸಂದರ್ಶನವೊಂದರಲ್ಲಿ, ತಾವು ನುಡಿಸುವುದು ಪವರ್ ಪಾಪ್ ಎಂದು ಹೇಳಿ, ಸ್ಮಾಲ್ ಫೇಸಸ್ ತಂಡದ ಹಿಂದಿನ ಹಾಡುಗಳನ್ನೂ ಬೀಚ್ ಬಾಯ್ಸ್ ತಂಡದ ಆರಂಭಕಾಲದ ಹಾಡುಗಳನ್ನೂ ಅದೇ ಸಾಲಿಗೆ ಸೇರಿಸಿದರು. ಅವರ ಮಾತನ್ನು ಯಾರೂ ಆಗ ಒಂದು ಪ್ರಕಾರದ ಹೆಸರಾಗಿ ಎತ್ತಿಕೊಳ್ಳಲಿಲ್ಲ. ಎಪ್ಪತ್ತರ ದಶಕ ಕಳೆಯುತ್ತ ಬಂದಂತೆ ವಿಮರ್ಶಕರು ಆ ಪದವನ್ನು ಮತ್ತೆ ಕೈಗೆತ್ತಿಕೊಂಡು, ಆಗಲೇ ಬಂದು ಹೋಗಿದ್ದ ತಂಡಗಳಿಗೂ ಅದನ್ನು ಅನ್ವಯಿಸಿದರು. ಹೀಗಾಗಿ ಪವರ್ ಪಾಪ್ ಹಿಂದಿರುಗಿ ನೋಡಿ ಇಟ್ಟ ಹೆಸರು. ಆ ಹೆಸರನ್ನು ಗಟ್ಟಿಗೊಳಿಸಿದವರು ಹಾಡಿದವರಿಗಿಂತ ಹೆಚ್ಚಾಗಿ ತಡವಾಗಿ ಕೇಳಿದವರು.

ಲಕ್ಷಣಗಳನ್ನು ಹೇಳುವುದು ಕಷ್ಟವಲ್ಲ. ಅರವತ್ತರ ದಶಕದ ನಡುವಿನ ಬೀಟಲ್ಸ್ ಹಾಡುಗಳಲ್ಲಿರುವಂಥ ಇಂಪಾದ ರಾಗ, ಇಬ್ಬರು ಮೂವರು ದನಿಗೂಡಿಸಿ ಹಾಡುವ ಹಾರ್ಮೊನಿ, ಬರ್ಡ್ಸ್ ತಂಡ ಪ್ರಸಿದ್ಧಗೊಳಿಸಿದ ಹನ್ನೆರಡು ತಂತಿಗಳ ಗಿಟಾರಿನ ಗೆಜ್ಜೆಯಂಥ ನಾದ, ಇವೆಲ್ಲದರ ಕೆಳಗೆ ದ ಹೂ ತಂಡದಿಂದ ಬಂದ ಬಿರುಸಾದ ಗಿಟಾರ್ ಮತ್ತು ಡ್ರಮ್ಸ್, ಒಟ್ಟು ಅವಧಿ ಮೂರು ನಿಮಿಷದ ಆಸುಪಾಸು. ‘ಪವರ್’ ಎಂಬುದು ಬರಿಯ ಗದ್ದಲವನ್ನು ಸೂಚಿಸುವುದಿಲ್ಲ. ಮೆದುವಾದ ರಾಗವನ್ನು ಬಿರುಸಾದ ವಾದ್ಯಗಳು ಹೊತ್ತು ನಡೆಯುವಾಗ ಉಂಟಾಗುವ ಎಳೆದಾಟಕ್ಕೆ ಆ ಹೆಸರು. ನಮ್ಮ ಕಿವಿಗೆ ಇಲ್ಲಿ ಒಂದು ವ್ಯತ್ಯಾಸ ಮುಖ್ಯವಾಗುತ್ತದೆ. ನಮ್ಮ ಭಾವಗೀತೆಗಳಲ್ಲಿ, ಚಿತ್ರಗೀತೆಗಳಲ್ಲಿ ಪಲ್ಲವಿ ಮೊದಲೇ ಬಂದು ಮನೆಯ ಬಾಗಿಲು ತೆರೆದಂತೆ ನಿಲ್ಲುತ್ತದೆ, ಚರಣ ಮುಗಿಸಿ ನಾವು ಅಲ್ಲಿಗೆ ಮರಳುತ್ತೇವೆ. ಪವರ್ ಪಾಪ್‌ನಲ್ಲಿ ಸಾಮಾನ್ಯವಾಗಿ ಚರಣ ಮೊದಲು, ಕೋರಸ್ ಆಮೇಲೆ. ಹಾಡುಗಾರನ ಜಾಣ್ಮೆಯೆಲ್ಲ ಆ ಕೋರಸ್ಸಿಗಾಗಿ ಕಾಯಿಸುವುದರಲ್ಲಿ, ಇನ್ನೇನು ಬಂತು ಎನ್ನುವಾಗ ಅರೆಕ್ಷಣ ತಡೆದು ಬಿಡುವುದರಲ್ಲಿ ಇರುತ್ತದೆ.

ಈ ಪ್ರಕಾರಕ್ಕೆ ಯಶಸ್ಸು ಸಿಗಲೇ ಇಲ್ಲವೆಂದರೆ ತಪ್ಪಾಗುತ್ತದೆ. ಬ್ಯಾಡ್‌ಫಿಂಗರ್, ರಾಸ್ಪ್‌ಬೆರೀಸ್ ತಂಡಗಳ ಹಾಡುಗಳು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲೇ ಗೆದ್ದವು. 1979ರಲ್ಲಿ ದ ನ್ಯಾಕ್ ತಂಡದ ‘ಮೈ ಶರೋನಾ’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಆದರೂ ಪವರ್ ಪಾಪ್ ಎಂದೊಡನೆ ಕೇಳುಗರು ಮೊದಲು ಹೇಳುವ ಹೆಸರು ಇವುಗಳದ್ದಲ್ಲ, ‘ಬಿಗ್ ಸ್ಟಾರ್’ ತಂಡದ್ದು.

ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದ ನಾಲ್ವರು ಯುವಕರು, ಅಲೆಕ್ಸ್ ಚಿಲ್ಟನ್, ಕ್ರಿಸ್ ಬೆಲ್, ಆಂಡಿ ಹಮ್ಮೆಲ್ ಮತ್ತು ಜೋಡಿ ಸ್ಟೀಫನ್ಸ್, ಅಲ್ಲಿನ ದಿನಸಿ ಅಂಗಡಿಗಳ ಸರಣಿಯೊಂದರ ಹೆಸರನ್ನೇ ತಮ್ಮ ತಂಡಕ್ಕೆ ಇಟ್ಟುಕೊಂಡರು. ಚಿಲ್ಟನ್ ಆಗಲೇ ಪ್ರಸಿದ್ಧರು. 1967ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಬಾಕ್ಸ್ ಟಾಪ್ಸ್ ತಂಡಕ್ಕಾಗಿ ಅವರು ಹಾಡಿದ ‘ದ ಲೆಟರ್’ ದೇಶದಲ್ಲೇ ಮೊದಲ ಸ್ಥಾನಕ್ಕೇರಿತ್ತು. ಬಿಗ್ ಸ್ಟಾರ್ ತಂಡದ ಮೊದಲ ಆಲ್ಬಮ್ 1972ರಲ್ಲಿ ಬಂತು. ಅದರ ಹೆಸರು ‘ನಂಬರ್ ಒನ್ ರೆಕಾರ್ಡ್’. ಜಾನ್ ಫ್ರೈ ಅವರ ಆರ್ಡೆಂಟ್ ಸ್ಟುಡಿಯೊದಲ್ಲಿ, ರಾತ್ರಿಗಳನ್ನು ಕಳೆದು, ಒಂದೊಂದು ತಂತಿಯ ದನಿಯೂ ಬೇರೆಯಾಗಿ ಕೇಳುವಷ್ಟು ಎಚ್ಚರದಿಂದ ಅದನ್ನು ಧ್ವನಿಮುದ್ರಿಸಿದರು. ಪತ್ರಿಕೆಗಳು ಹೊಗಳಿದವು. ಆದರೂ ಮೊದಲ ಸುತ್ತಿನಲ್ಲಿ ಮಾರಾಟವಾದದ್ದು ಹತ್ತು ಸಾವಿರ ಪ್ರತಿಗಳಿಗೂ ಕಡಿಮೆ.

ಕಾರಣವನ್ನು ಸಂಗೀತದಲ್ಲಿ ಹುಡುಕಬೇಕಿಲ್ಲ, ಗೋದಾಮಿನಲ್ಲಿ ಹುಡುಕಬೇಕು. ಆರ್ಡೆಂಟ್‌ನ ರೆಕಾರ್ಡುಗಳನ್ನು ಅಂಗಡಿಗಳಿಗೆ ತಲುಪಿಸುವ ಹೊಣೆ ಮೆಂಫಿಸ್ಸಿನದೇ ಸ್ಟ್ಯಾಕ್ಸ್ ಸಂಸ್ಥೆಯದಾಗಿತ್ತು. ಸ್ಟ್ಯಾಕ್ಸ್ ಕಪ್ಪು ಅಮೆರಿಕನ್ನರ ‘ಸೋಲ್’ ಸಂಗೀತದಲ್ಲಿ ದೊಡ್ಡ ಹೆಸರು, ಆದರೆ ಗಿಟಾರ್ ತಂಡವೊಂದರ ರೆಕಾರ್ಡನ್ನು ದೇಶದಾದ್ಯಂತ ಮಾರುವ ಜಾಲ ಅದಕ್ಕೆ ಒಗ್ಗಿರಲಿಲ್ಲ. ಅದೇ ವರ್ಷ ಸ್ಟ್ಯಾಕ್ಸ್ ತನ್ನ ವಿತರಣೆಯನ್ನು ಕೊಲಂಬಿಯ ಸಂಸ್ಥೆಗೆ ಒಪ್ಪಿಸಿತು. ಹಳೆಯ ವಿತರಕರು ಬಿಟ್ಟುಹೋದರು, ಹೊಸಬರು ಈ ರೆಕಾರ್ಡಿನ ಬಗ್ಗೆ ಆಸ್ಥೆ ತೋರಲಿಲ್ಲ. ಪತ್ರಿಕೆಯಲ್ಲಿ ಓದಿ ಅಂಗಡಿಗೆ ಹೋದವರಿಗೆ ರೆಕಾರ್ಡ್ ಸಿಗಲಿಲ್ಲ. ‘ಕಡೆಗಣಿಸಲ್ಪಟ್ಟ ಆಲ್ಬಮ್’ ಎಂದು ನಾವು ಸುಲಭವಾಗಿ ಹೇಳುವಾಗ ಕೇಳುಗರು ಕೇಳಿ ಬದಿಗಿಟ್ಟರು ಎಂಬ ಧ್ವನಿ ಅದರಲ್ಲಿರುತ್ತದೆ. ಬಿಗ್ ಸ್ಟಾರ್ ವಿಷಯದಲ್ಲಿ ಅದು ಅನ್ಯಾಯದ ಮಾತು. ಕೇಳಲು ಸಿಗದಿದ್ದುದನ್ನು ಯಾರೂ ಕಡೆಗಣಿಸಲಾರರು.

ಬೆಲ್ ನೊಂದು ತಂಡ ಬಿಟ್ಟರು. 1973ರ ಮೇ ತಿಂಗಳಲ್ಲಿ ಮೆಂಫಿಸ್ಸಿನಲ್ಲಿ ನಡೆದ ರಾಕ್ ಬರಹಗಾರರ ಸಮಾವೇಶದಲ್ಲಿ ಉಳಿದ ಮೂವರು ನುಡಿಸಿದ್ದನ್ನು ಕೇಳಿ ವಿಮರ್ಶಕರು ಎದ್ದು ಕುಣಿದರು, ಆ ಉತ್ಸಾಹದಲ್ಲೇ ತಂಡ ಮುಂದುವರಿಯಿತು. 1974ರಲ್ಲಿ ‘ರೇಡಿಯೊ ಸಿಟಿ’ ಬಂತು, ಅದಕ್ಕೂ ವಿತರಣೆಯ ಅದೇ ಗತಿ ಕಾದಿತ್ತು. ಆ ಆಲ್ಬಮಿನ ‘ಸೆಪ್ಟೆಂಬರ್ ಗರ್ಲ್ಸ್’ ಹಾಡನ್ನು ಹತ್ತಿರದಿಂದ ಕೇಳಿ. ಮೊದಲು ಗಿಟಾರ್ ಗಾಜಿನ ಲೋಟಗಳನ್ನು ಸಾಲಾಗಿ ತಟ್ಟಿದಂತೆ ಮಿನುಗುತ್ತದೆ. ಡ್ರಮ್ಸ್ ಬಂದು ಸೇರುತ್ತವೆ. ಚಿಲ್ಟನ್ನರ ಎತ್ತರದ ದನಿ ಸಂತೋಷದಿಂದ ಹಾಡುತ್ತಿದೆಯೋ ಅಳುತ್ತಿದೆಯೋ ಹೇಳಲಾಗದಂತೆ ರಾಗದ ಮೇಲೆ ತೇಲುತ್ತದೆ. ಮೂರು ನಿಮಿಷ ತುಂಬುವ ಮೊದಲೇ ಎಲ್ಲ ಮುಗಿದುಹೋಗುತ್ತದೆ, ಕೈ ತಾನಾಗಿಯೇ ಮತ್ತೆ ಆರಂಭಕ್ಕೆ ಹೋಗುತ್ತದೆ. ಪವರ್ ಪಾಪ್ ಎಂಬ ಪದಕ್ಕೆ ಒಂದೇ ಉದಾಹರಣೆ ಕೊಡಿ ಎಂದರೆ ನಾನು ಈ ಹಾಡನ್ನು ಕೊಡುತ್ತೇನೆ.

ಹೀಗೆ ಮರೆಯಾದದ್ದು ಮರಳಿ ಬಂದ ಬಗೆಯೂ ಗಮನಿಸತಕ್ಕದ್ದು. 1978ರಲ್ಲಿ ಬ್ರಿಟನ್ನಿನಲ್ಲಿ ಎರಡೂ ಆಲ್ಬಮ್‌ಗಳನ್ನು ಒಟ್ಟಿಗೆ ಮರುಪ್ರಕಟಿಸಲಾಯಿತು. ನಂತರದ ಕೆಲಸವನ್ನು ಮಾಡಿದವರು ಮುಖ್ಯವಾಗಿ ಇತರ ಹಾಡುಗಾರರು. ಬ್ಯಾಂಗಲ್ಸ್ ತಂಡ 1986ರಲ್ಲಿ ‘ಸೆಪ್ಟೆಂಬರ್ ಗರ್ಲ್ಸ್’ ಹಾಡನ್ನು ಮತ್ತೆ ಹಾಡಿ, ಲಕ್ಷಗಟ್ಟಲೆ ಮಾರಾಟವಾದ ತನ್ನ ಆಲ್ಬಮಿನಲ್ಲಿ ಸೇರಿಸಿತು. ಮರುವರ್ಷ ರಿಪ್ಲೇಸ್‌ಮೆಂಟ್ಸ್ ತಂಡ ಚಿಲ್ಟನ್ನರ ಹೆಸರನ್ನೇ ಹಾಡಿನ ಹೆಸರಾಗಿಸಿತು. ಸ್ಕಾಟ್ಲೆಂಡಿನ ಟೀನೇಜ್ ಫ್ಯಾನ್‌ಕ್ಲಬ್ ತಂಡ 1991ರ ‘ಬ್ಯಾಂಡ್‌ವ್ಯಾಗನೆಸ್ಕ್’ ಆಲ್ಬಮಿನಲ್ಲಿ ಬಿಗ್ ಸ್ಟಾರ್ ದನಿಯನ್ನು ಮರೆಮಾಚದೆ ಮುಂದುವರಿಸಿತು. ಒಂದು ತಂಡವನ್ನು ಮೆಚ್ಚಿದ ಕೇಳುಗ ಆ ತಂಡ ಮೆಚ್ಚಿದ ತಂಡವನ್ನು ಹುಡುಕಿಕೊಂಡು ಹೋಗುವುದು, ಹೊದಿಕೆಯ ಹಿಂಬದಿಯ ಸಣ್ಣಕ್ಷರಗಳಲ್ಲಿ ಹಾಡು ಬರೆದವರ ಹೆಸರು ಓದುವುದು: ಎಲೆಮರೆಯ ಆಲ್ಬಮ್‌ಗಳನ್ನು ಹುಡುಕುವ ದಾರಿ ಇಂದಿಗೂ ಇದೇ. ಇಂಟರ್ನೆಟ್ಟಿನಲ್ಲಿ ನಮಗಾಗಿ ಹಾಡು ಆರಿಸಿಕೊಡುವ ಯಂತ್ರಗಳು ಬಹುಮಟ್ಟಿಗೆ ಜನ ಕೇಳಿದ್ದನ್ನೇ ಮುಂದಿಡುತ್ತವೆ, ಹಾಡುಗಾರನ ಮೆಚ್ಚುಗೆಯಾದರೆ ಜನ ಕೇಳದ್ದರ ಕಡೆಗೂ ಕೈ ತೋರಿಸುತ್ತದೆ. ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ ಆರಿಸಿದ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಮ್‌ಗಳಲ್ಲಿ, ಹಿಂದೆ ಸರಿಯಾಗಿ ಅಂಗಡಿ ತಲುಪದಿದ್ದ ಬಿಗ್ ಸ್ಟಾರ್‌ನ ಈ ಎರಡು ಆಲ್ಬಮ್‌ಗಳೂ ಅವುಗಳ ನಂತರದ ಮೂರನೆಯದೂ ಇದ್ದವು.

ಪವರ್ ಪಾಪ್ ಜೊತೆಯಲ್ಲೇ ಕೇಳಿಬರುವ ಇನ್ನೊಂದು ಪದ ‘ಇಂಡೀ ಪಾಪ್’. ‘ಇಂಡೀ’ ಎಂದರೆ ಇಂಡಿಪೆಂಡೆಂಟ್, ದೊಡ್ಡ ಸಂಸ್ಥೆಗಳ ಹಂಗಿಲ್ಲದ್ದು. ಎರಡನ್ನೂ ಜೋಡಿಸುವ ಕೊಂಡಿಯಾಗಿ ನನಗೆ ಕಾಣುವುದು ಇಲಿನಾಯ್ ರಾಜ್ಯದ ಜಯಾನ್ ಎಂಬ ಊರಿನ ‘ಶೂಸ್’ ತಂಡ. 1977ರ ‘ಬ್ಲ್ಯಾಕ್ ವೈನಿಲ್ ಶೂಸ್’ ಆಲ್ಬಮನ್ನು ಅವರು ಮನೆಯ ನಡುಮನೆಯಲ್ಲೇ, ನಾಲ್ಕು ಟ್ರ್ಯಾಕ್‌ಗಳ ಟೇಪ್ ಯಂತ್ರದಲ್ಲಿ ಧ್ವನಿಮುದ್ರಿಸಿ, ತಾವೇ ರೆಕಾರ್ಡ್ ಒತ್ತಿಸಿ ಹೊರತಂದರು. ಗಿಟಾರುಗಳ ಗುಂಯ್‌ಗುಡುವಿಕೆಯ ನಡುವೆ ಪಿಸುಮಾತಿನಂತೆ ಬರುವ ದನಿಗಳು ಆ ಕೋಣೆಯ ಅಳತೆಯನ್ನೇ ಹೇಳುವಂತಿವೆ. ವಿತರಕನ ದಯೆಗೆ ಕಾಯುವ ಬದಲು ರೆಕಾರ್ಡನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು ಎಂಬ ಈ ಯೋಚನೆ ಎಂಬತ್ತರ ದಶಕದಲ್ಲಿ ಒಂದು ನಿಲುವಾಗಿ ಬೆಳೆಯಿತು. ಗ್ಲಾಸ್ಗೋದ ಪೋಸ್ಟ್‌ಕಾರ್ಡ್, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಫ್ಲೈಯಿಂಗ್ ನನ್ ಸಂಸ್ಥೆಗಳು ಆ ದಶಕದ ಆರಂಭದಲ್ಲೇ ಕೆಲಸಕ್ಕಿಳಿದವು. ಬ್ರಿಟನ್ನಿನ ಎನ್‌ಎಂಇ ಪತ್ರಿಕೆ 1986ರಲ್ಲಿ 22 ತಂಡಗಳ ಹಾಡುಗಳನ್ನು ಸೇರಿಸಿ ತಂದ ‘ಸಿ86’ ಕ್ಯಾಸೆಟ್ ಈ ಬಗೆಯ ಸಂಗೀತಕ್ಕೆ ಒಂದು ಗುರುತು ಕೊಟ್ಟಿತು.

ಬ್ರಿಸ್ಟಲ್ ನಗರದ ಸಾರಾ ರೆಕಾರ್ಡ್ಸ್ ಈ ನಿಲುವನ್ನು ಕೊನೆಯವರೆಗೂ ಪಾಲಿಸಿತು. ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ ಎಂಬ ಇಬ್ಬರು 1987ರಲ್ಲಿ ಆರಂಭಿಸಿದ ಆ ಸಂಸ್ಥೆ, ಮಡಚಿದ ಕಾಗದದ ಹೊದಿಕೆಯಲ್ಲಿ ಏಳು ಅಂಗುಲದ ರೆಕಾರ್ಡುಗಳನ್ನು ಕಳುಹಿಸುತ್ತ, ಕೇಳುಗರ ಪತ್ರಗಳಿಗೆ ಉತ್ತರಿಸುತ್ತ ನಡೆಯಿತು, 1995ರಲ್ಲಿ ನೂರನೆಯ ಪ್ರಕಟಣೆಯೊಡನೆ ತಾನಾಗಿಯೇ ಬಾಗಿಲು ಮುಚ್ಚಿತು. ಬಿಗ್ ಸ್ಟಾರ್ ತಂಡಕ್ಕೆ ಜಗತ್ತು ಬೇಕಿತ್ತು, ಸಿಗಲಿಲ್ಲ. ಸಾರಾದ ತಂಡಗಳು ಸಿಕ್ಕಷ್ಟು ಕೇಳುಗರಿಗಾಗಿಯೇ ಹಾಡಿದವು. ಎಲೆಮರೆಯ ಆಲ್ಬಮ್‌ಗಳೆಂದು ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕುವವರು ಈ ಭೇದವನ್ನು ಮರೆಯಬಾರದು. ಹಾಗೆಯೇ, ಮಾರಾಟವಾಗದ ಎಲ್ಲವೂ ಮುತ್ತುರತ್ನವೂ ಅಲ್ಲ. ಮರೆತ ರೆಕಾರ್ಡುಗಳ ರಾಶಿಯಲ್ಲಿ ಬೀಟಲ್ಸ್ ಅನುಕರಣೆಗಳೇ ಹೆಚ್ಚು. ಆದ್ದರಿಂದಲೇ ಹತ್ತು ಕೇಳಿ ಒಂದನ್ನು ಉಳಿಸಿಕೊಳ್ಳುವ ತಾಳ್ಮೆ ಈ ಹುಡುಕಾಟಕ್ಕೆ ಬೇಕು.

ಉಳಿಸಿಕೊಳ್ಳಲೇಬೇಕಾದ ಒಂದನ್ನು ಹೇಳಿ ಮುಗಿಸುತ್ತೇನೆ. ಬಿಗ್ ಸ್ಟಾರ್ ಬಿಟ್ಟ ಮೇಲೆ ಕ್ರಿಸ್ ಬೆಲ್ ತಮ್ಮಷ್ಟಕ್ಕೆ ಹಾಡುಗಳನ್ನು ಧ್ವನಿಮುದ್ರಿಸುತ್ತ ಹೋದರು, ನಡುವೆ ತಂದೆಯ ಉಪಾಹಾರ ಗೃಹದಲ್ಲಿ ದುಡಿದರು. ಅವರು ಬದುಕಿದ್ದಾಗ ಹೊರಬಂದದ್ದು ಒಂದೇ ಒಂದು ಸಿಂಗಲ್ (ಆಲ್ಬಮ್ ಅಲ್ಲದ, ಬಿಡಿ ಹಾಡಿನ ರೆಕಾರ್ಡ್), 1978ರ ‘ಐ ಆ್ಯಮ್ ದ ಕಾಸ್ಮೋಸ್’. ಅದೇ ವರ್ಷದ ಡಿಸೆಂಬರ್ 27ರಂದು, 27ರ ವಯಸ್ಸಿನಲ್ಲಿ, ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ಉಳಿದ ಟೇಪುಗಳು ಸೇರಿ, ಅದೇ ಹೆಸರಿನ ಆಲ್ಬಮ್ಮಾಗಿ ಅಂಗಡಿಗೆ ಬಂದದ್ದು 1992ರಲ್ಲಿ.