ಓದುಗರ ಪ್ರಶ್ನೆ: ನಮ್ಮ ಜಿಲ್ಲೆಗೆ ವಯಸ್ಸಾಗುತ್ತಿರುವುದೇಕೆ?

"ಸರ್, ನಮ್ಮ ಉಡುಪಿ ಕಡೆ ಎಷ್ಟೋ ಮನೆಗಳಲ್ಲಿ ಈಗ ಅಜ್ಜ-ಅಜ್ಜಿ ಮಾತ್ರ ಇದ್ದಾರೆ. ಒಳ್ಳೆಯ ಆಸ್ಪತ್ರೆಗಳಿವೆ, ಜನ ಜಾಸ್ತಿ ವರ್ಷ ಬದುಕುತ್ತಾರೆ, ಅದಕ್ಕೇ ಅಲ್ವಾ?"

ಈ ಪ್ರಶ್ನೆ ನನಗೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಕೇಳುವವರು ಉತ್ತರವನ್ನೂ ತಾವೇ ಸೇರಿಸಿ ಕಳಿಸುತ್ತಾರೆ. ಆ ಉತ್ತರ ಬಹುಪಾಲು ತಪ್ಪು. ಎಷ್ಟು ಸಲ ಹೇಳಿದರೂ ಅದು ಹೋಗುತ್ತಿಲ್ಲ, ಹಾಗಾಗಿ ಈ ಸಲ ನಿಧಾನವಾಗಿ, ಲೆಕ್ಕ ಮಾಡಿಯೇ ಹೇಳುತ್ತೇನೆ.

ಒಂದು ಊರಲ್ಲಿ 100 ಜನ ಇದ್ದಾರೆ ಅಂದುಕೊಳ್ಳಿ. ಮಕ್ಕಳು 35, ದುಡಿಯುವ ವಯಸ್ಸಿನವರು 57, ಅರವತ್ತು ದಾಟಿದವರು 8. ಅಂದರೆ ವಯಸ್ಸಾದವರು ಶೇ 8.

ಈಗ ಊರಿಗೆ ಆಸ್ಪತ್ರೆ ಬಂತು. ಸಾಯಬೇಕಿದ್ದ ಇಬ್ಬರು ವಯಸ್ಸಾದವರು ಉಳಿದರು. ಆದರೆ ಆಸ್ಪತ್ರೆ ಬರೀ ಅಜ್ಜಂದಿರನ್ನು ಉಳಿಸುವುದಿಲ್ಲವಲ್ಲ. ಸಿಡುಬು, ದಡಾರ, ವಾಂತಿಭೇದಿಗೆ ಹೋಗುತ್ತಿದ್ದ ಎಂಟು ಮಕ್ಕಳೂ ಉಳಿದವು ಅನ್ನೋಣ. ಈಗ ಊರಲ್ಲಿ 110 ಜನ, ಅದರಲ್ಲಿ ವಯಸ್ಸಾದವರು 10. ಶೇ 9. ಅಷ್ಟು ದೊಡ್ಡ ಆಸ್ಪತ್ರೆ ಬಂದರೂ ಏರಿದ್ದು ಒಂದೇ ಒಂದು. ಉಳಿದ ಆ ಎಂಟು ಮಕ್ಕಳು ದೊಡ್ಡವರಾಗಿ ತಾವೂ ಹೆತ್ತರೆ ಅದೂ ಇಳಿಯುತ್ತದೆ.

ಮತ್ತೆ ಮೊದಲಿಗೆ ಬನ್ನಿ. ಈ ಸಲ ಆಸ್ಪತ್ರೆ ಬೇಡ, ಯಾರ ಆಯಸ್ಸೂ ಹೆಚ್ಚುವುದು ಬೇಡ. ಮನೆಗೆ ಐದು ಮಕ್ಕಳಿದ್ದ ಕಡೆ ಎರಡೋ ಮೂರೋ ಹುಟ್ಟುತ್ತವೆ, ಅಷ್ಟೇ. ಮಕ್ಕಳು 35ರಿಂದ 17ಕ್ಕೆ ಇಳಿದರು. ಊರಲ್ಲಿ 82 ಜನ, ವಯಸ್ಸಾದವರು ಅದೇ 8. ಶೇ 10ರ ಹತ್ತಿರ. ಆಮೇಲೆ 15 ಹುಡುಗ ಹುಡುಗಿಯರು ಬೆಂಗಳೂರು, ಮುಂಬೈ, ದುಬೈ ಅಂತ ಹೊರಟರು. ಉಳಿದವರು 67. ಈಗ ವಯಸ್ಸಾದವರು ಶೇ 12!

ಒಬ್ಬ ಅಜ್ಜನೂ ಹೆಚ್ಚಾಗಿಲ್ಲ ನೋಡಿ. ಪಾಲು ಮಾತ್ರ ಎಂಟರಿಂದ ಹನ್ನೆರಡಕ್ಕೆ ಬಂತು. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಾಗ ಮಕ್ಕಳು ಎರಡು ನಿಮಿಷ ಸುಮ್ಮನಾಗುತ್ತಾರೆ, ಆಮೇಲೆ "ಹೌದಲ್ವಾ ಸರ್" ಅನ್ನುತ್ತಾರೆ. ಆ ಮಾತು ಕೇಳೋದಕ್ಕೇ ನಾನು ಪಾಠ ಮಾಡುವುದು.

"ಹಿಂದೆ ಸರಾಸರಿ ಆಯಸ್ಸು 32 ಇತ್ತು, ಈಗ 70 ಆಗಿದೆ, ಅದು ಸುಳ್ಳಾ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಸುಳ್ಳಲ್ಲ. ಸ್ವಾತಂತ್ರ್ಯ ಬಂದ ಕಾಲದಲ್ಲಿ ದೇಶದ ಸರಾಸರಿ ಹತ್ತಿರ ಹತ್ತಿರ ಅಷ್ಟೇ ಇತ್ತು. ಹಾಗಂತ ಜನ 32ಕ್ಕೇ ಸಾಯುತ್ತಿರಲಿಲ್ಲ. ತೊಟ್ಟಿಲಲ್ಲೇ ಹೋದ ಕೂಸಿನ ಸೊನ್ನೆ ವರ್ಷವನ್ನೂ ಎಪ್ಪತ್ತು ಬದುಕಿದ ಅಜ್ಜಿಯ ವರ್ಷವನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ 35 ಬರುತ್ತದೆ. ನಮ್ಮ ಸರಾಸರಿ ಏರಿದ್ದು ಮುಖ್ಯವಾಗಿ ಮಕ್ಕಳ ಸಾವು ನಿಂತದ್ದರಿಂದ. ಮಕ್ಕಳ ಸಾವು ತೀರಾ ಕಡಿಮೆಯಾದ ಮೇಲೆ ವಯಸ್ಸಾದವರ ಆಯಸ್ಸು ಹೆಚ್ಚುವುದೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಒಪ್ಪುತ್ತೇನೆ. ಕರಾವಳಿ ಈಗ ಆ ಹಂತಕ್ಕೆ ಬಂದಿದೆ. ಆದರೆ ಇಲ್ಲಿಗೆ ತಂದದ್ದು ಖಾಲಿ ತೊಟ್ಟಿಲು, ಅಂದರೆ ಮಕ್ಕಳು ಹುಟ್ಟುವುದು ಕಡಿಮೆಯಾದದ್ದು.

ಜಿಲ್ಲೆಗೆ ಬರೋಣ. 2011ರ ಜನಗಣತಿಯಲ್ಲಿ ಉಡುಪಿಯ ಜನಸಂಖ್ಯೆ 11.77 ಲಕ್ಷ, ಯಾದಗಿರಿಯದು 11.74 ಲಕ್ಷ. ಹೆಚ್ಚು ಕಡಿಮೆ ಒಂದೇ. ಆದರೆ ಅದಕ್ಕೆ ಹಿಂದಿನ ಹತ್ತು ವರ್ಷದಲ್ಲಿ ಯಾದಗಿರಿ ಸುಮಾರು ಶೇ 23 ಬೆಳೆದಿತ್ತು, ಉಡುಪಿ ಶೇ 6ಕ್ಕಿಂತ ಕಡಿಮೆ. ಚಿಕ್ಕಮಗಳೂರಲ್ಲಂತೂ ಜನ ಸ್ವಲ್ಪ ಕಡಿಮೆಯೇ ಆದರು. ಆಸ್ಪತ್ರೆಯಿಂದ ಇಷ್ಟು ವ್ಯತ್ಯಾಸ ಬರುವುದಿಲ್ಲ. ಕರಾವಳಿಯ ಹೆಣ್ಣುಮಕ್ಕಳು ಬೇಗ ಓದಿದರು, ತಡವಾಗಿ ಮದುವೆಯಾದರು. "ಆರತಿಗೊಬ್ಬಳು, ಕೀರ್ತಿಗೊಬ್ಬ" ಅನ್ನುವ ಮಾತು ಇಲ್ಲಿ ಗೋಡೆಯಿಂದ ಮನೆಯೊಳಗೆ ಬೇಗ ಬಂತು. ಇಡೀ ರಾಜ್ಯವೇ ಅದೇ ದಾರಿಯಲ್ಲಿದೆ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1992-93ರಲ್ಲಿ 2.9 ಮಕ್ಕಳಾಗುತ್ತಿದ್ದವು, 2019-21ರಲ್ಲಿ 1.7.

ಊರು ಬಿಟ್ಟು ಹೋಗುವುದರ ಗುರುತೂ ಗಣತಿಯಲ್ಲಿದೆ. 2011ರಲ್ಲಿ ಉಡುಪಿಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದರು. ಮುಂಬೈ ಹೋಟೆಲಿನಲ್ಲಿ ದುಡಿಯುವ ಮಗನನ್ನು ಮುಂಬೈಯಲ್ಲೇ ಎಣಿಸುತ್ತಾರೆ. ಗಲ್ಫಿನಲ್ಲಿರುವವನು ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಮಣಿಪಾಲದ್ದು ಇದರ ಉಲ್ಟಾ. ಅಲ್ಲಿನ ಹಾಸ್ಟೆಲುಗಳಲ್ಲಿರುವ ಹೊರ ರಾಜ್ಯದ ವಿದ್ಯಾರ್ಥಿಗಳು ಉಡುಪಿಯವರಾಗಿಯೇ ಎಣಿಕೆಯಾಗುತ್ತಾರೆ. ಹಾಗಾಗಿ ಇಡೀ ಜಿಲ್ಲೆಯ ಸರಾಸರಿ ನೋಡಿದರೆ ಬೈಂದೂರಿನ ಒಳಗಿನ ಹಳ್ಳಿ ನಿಜಕ್ಕೂ ಹೇಗಿದೆ ಅಂತ ಗೊತ್ತಾಗುವುದಿಲ್ಲ. ಆಯಾ ಗ್ರಾಮದ ಅಂಕಿಯನ್ನೇ ನೋಡಬೇಕು.

ಇನ್ನೊಂದು ವಿಷಯ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ವಯಸ್ಸುಗಳಾದರೂ ಎಷ್ಟು ಸರಿ? ಗಣತಿಯವರು "ಅಮ್ಮ, ವಯಸ್ಸೆಷ್ಟು?" ಅಂದರೆ ಬರುವ ಉತ್ತರ ಅರವತ್ತು, ಇಲ್ಲ ಅರವತ್ತೈದು. ಅರವತ್ತಮೂರು ಅನ್ನುವವರು ಎಲ್ಲಿ ಸಿಗುತ್ತಾರೆ? ಅದಕ್ಕೇ ಗಣತಿಯ ಪಟ್ಟಿಯಲ್ಲಿ ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸಿನವರು ಗುಡ್ಡದ ಹಾಗೆ ಎದ್ದು ಕಾಣುತ್ತಾರೆ. ಕಾಗದ ಇದ್ದವರದ್ದೂ ಪೂರ್ತಿ ನಂಬುವ ಹಾಗಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಟ್ಟವರು ನಮ್ಮ ರಾಜ್ಯದಲ್ಲಿ ಎಷ್ಟು ಜನ ಇದ್ದಾರೆ!

2021ರಲ್ಲಿ ಆಗಬೇಕಿದ್ದ ಗಣತಿ ನಿಂತು, ಈಗ 2027ರ ಮಾರ್ಚ್ 1ರ ಲೆಕ್ಕಕ್ಕೆ ಹೊರಟಿದೆ. ಅದಕ್ಕೆ ಮೊದಲು ಮನೆಯ ಹಿರಿಯರ ವಯಸ್ಸನ್ನು ಒಮ್ಮೆ ಕೂತು ಲೆಕ್ಕ ಹಾಕಿಡಿ. ಉಡುಪಿಯವರಿಗೆ ಇದು ಸುಲಭ. ಯಾವ ಮಠದ ಪರ್ಯಾಯದಲ್ಲಿ, ಅಂದರೆ ಕೃಷ್ಣ ಮಠದ ಪೂಜೆಯ ಸರದಿಯಲ್ಲಿ, ಹುಟ್ಟಿದ್ದು ಅಂತ ಅಜ್ಜಿಗೆ ನೆನಪಿದ್ದರೆ ಸಾಕು. ಎರಡು ವರ್ಷದ ಪರ್ಯಾಯ, ಎಂಟು ಮಠ, ಹದಿನಾರು ವರ್ಷಕ್ಕೊಂದು ಸುತ್ತು. ಪುತ್ತಿಗೆ ಮಠದ್ದು ಅಂದರೆ 2024, 2008, ಹೀಗೆ ಹಿಂದೆ ಹೋಗುತ್ತಾ 1960, 1944ಕ್ಕೆ ಶುರುವಾದವು. ಇನ್ನು "ಅಜ್ಜಿ, ಸ್ವಾತಂತ್ರ್ಯ ಬಂದಾಗ ನೀವು ಹುಟ್ಟಿದ್ರಾ?" ಅಂತ ಕೇಳಿ. ಎರಡೇ ಪ್ರಶ್ನೆಗೆ ಹುಟ್ಟಿದ ವರ್ಷ ಒಂದೆರಡು ವರ್ಷದ ಅಂತರದಲ್ಲಿ ಸಿಕ್ಕಿಬಿಡುತ್ತದೆ. ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ, ಎಣಿಸುವವರು ಬಂದಾಗ ತೋರಿಸಿ.