ಏಳನೇ ತಿಂಗಳಲ್ಲಿ ಗೊತ್ತಾದರೆ

ಮಂಡ್ಯ ಕಡೆ ಚೊಚ್ಚಲ ಬಸುರಿ ಏಳನೇ ತಿಂಗಳ ಹೊತ್ತಿಗೆ ತವರಿಗೆ ಬರುತ್ತಾಳೆ. ಗಂಡನ ಊರಲ್ಲಿ ಎಚ್‌ಐವಿ ಪರೀಕ್ಷೆ ತಪ್ಪಿಹೋಗಿದ್ದರೆ, ವಿಷಯ ಗೊತ್ತಾಗುವುದು ಆಮೇಲೇ. ಆಗ ಹೆರಿಗೆಗೆ ಉಳಿಯುವುದು ಕೆಲವೇ ವಾರ. ಈ ಕಾಯಿಲೆಯಲ್ಲಿ ವಾರಗಳ ಲೆಕ್ಕ ತುಂಬಾ ದೊಡ್ಡದು.

ತಾಯಿಯ ರಕ್ತ ಮಗುವಿನ ರಕ್ತದ ಜೊತೆ ನೇರವಾಗಿ ಬೆರೆಯುವುದಿಲ್ಲ. ಮಧ್ಯೆ ಮಾಸು ತಡೆಗೋಡೆಯಂತೆ ಇರುತ್ತದೆ. ವೈರಸ್ ಮಗುವಿಗೆ ದಾಟುವ ಅಪಾಯ ಜಾಸ್ತಿ ಇರುವುದು ಕೊನೆಯ ವಾರಗಳಲ್ಲಿ ಮತ್ತು ಹೆರಿಗೆಯ ಹೊತ್ತಿನಲ್ಲಿ. ಆಮೇಲೆ ಎದೆಹಾಲಿನಿಂದಲೂ ದಾಟಬಹುದು. ಚಿಕಿತ್ಸೆಯೇ ಇಲ್ಲದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಸಕಾಲಕ್ಕೆ ಮಾತ್ರೆ ಶುರುವಾದರೆ 5ಕ್ಕಿಂತ ಕಡಿಮೆ.

ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಗಳಲ್ಲಿ ಈ ಮಾತ್ರೆ ಉಚಿತ. ಆದರೆ ನುಂಗಿದ ದಿನವೇ ರಕ್ತ ತಿಳಿಯಾಗುವುದಿಲ್ಲ. ವೈರಸ್ ಅಳತೆಗೆ ಸಿಗದಷ್ಟು ಇಳಿಯಲು ವಾರಗಟ್ಟಲೆ ಬೇಕು. ಮೂರನೇ ತಿಂಗಳಲ್ಲಿ ಶುರು ಮಾಡಿದವಳಿಗೆ ಆರು ತಿಂಗಳ ಸಮಯವಿದೆ. ಒಂಬತ್ತರಲ್ಲಿ ಗೊತ್ತಾದವಳಿಗೆ ನೋವು ಬರುವಾಗಲೂ ರಕ್ತದಲ್ಲಿ ವೈರಸ್ ತುಂಬಿರಬಹುದು. ಅದಕ್ಕೇ ಅಂಥ ಮಗು ಎದೆಹಾಲು ಕುಡಿಯುತ್ತಿದ್ದರೆ ಅದಕ್ಕೆ ಔಷಧಿಯ ಸಿರಪ್ಪನ್ನು 6 ವಾರದ ಬದಲು 12 ವಾರ ಕೊಡುತ್ತಾರೆ. ಅಷ್ಟರಲ್ಲಿ ತಾಯಿಯ ರೋಗನಿರೋಧಕ ಶಕ್ತಿಯೂ ಕುಸಿದಿರಬಹುದು. ಕ್ಷಯ ಹಿಡಿಯುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಮಗುವಿನ ತೂಕ ಕಡಿಮೆಯಾಗುವುದು, ಇವೆಲ್ಲ ಜೊತೆಗೇ ಬರಬಹುದು. ಸೋಂಕು ತಗಲಿದ ಮಗುವಿಗೆ ಚಿಕಿತ್ಸೆ ಸಿಗದಿದ್ದರೆ, ಅಂಥವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಎರಡು ವರ್ಷ ದಾಟುವುದಿಲ್ಲ. ಬರೆಯುವಾಗಲೇ ಕೈ ನಡುಗುತ್ತದೆ.

ಮೊದಲ ಪರೀಕ್ಷೆಯಲ್ಲಿ 'ಇಲ್ಲ' ಅಂತ ಬಂದರೂ ಮುಂದೆ ಸೋಂಕು ತಗಲಬಹುದು. ಬಸುರಿಯಾಗಿರುವಾಗ ಹೊಸದಾಗಿ ತಗಲಿದರೆ ರಕ್ತದಲ್ಲಿ ವೈರಸ್ ವಿಪರೀತ ಏರುತ್ತದೆ. ಗಂಡನಿಗೆ ಸೋಂಕಿದ್ದರೆ ಅಥವಾ ಬೇರೆ ಅಪಾಯವಿದ್ದರೆ ಕೊನೆಯ ಮೂರು ತಿಂಗಳಲ್ಲಿ ಇನ್ನೊಮ್ಮೆ ಪರೀಕ್ಷೆ ಬೇಕೇ ಬೇಕು.

ತಡವಾಗುವುದಕ್ಕೆ ಭಯವೂ ಒಂದು ಕಾರಣ. ಬಸುರಿಯ ರಕ್ತ ಮೊದಲು ಪರೀಕ್ಷೆಗೆ ಹೋಗುತ್ತದೆ. ಹಾಗಾಗಿ 'ಕಾಯಿಲೆ ತಂದವಳು ಸೊಸೆ' ಅನ್ನುವ ಮಾತು ಹುಟ್ಟುತ್ತದೆ. ಇದು ಅನ್ಯಾಯ ಅಲ್ವಾ? ಯಾರಿಂದ ಯಾರಿಗೆ ಬಂತು ಅಂತ ಆ ಪರೀಕ್ಷೆ ಹೇಳುವುದೇ ಇಲ್ಲ. ತಾಯಿ ಕಾರ್ಡ್ ಮಾಡಿಸುವ ದಿನ ಗಂಡನೂ ಜೊತೆಗೆ ಹೋಗಿ ರಕ್ತ ಕೊಡಲಿ. ಫಲಿತಾಂಶ ಗುಟ್ಟಾಗಿರಬೇಕು ಅಂತ 2017ರ ಎಚ್‌ಐವಿ ಕಾನೂನೇ ಹೇಳುತ್ತದೆ. ಏನಾದರೂ ಕೇಳಬೇಕಿದ್ದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಒಂದು ಪರೀಕ್ಷೆಯೂ ಆಗದೆ ನೋವು ತಿನ್ನುತ್ತಾ ಆಸ್ಪತ್ರೆಗೆ ಬಂದವಳಿಗೂ ದಾರಿ ಇದೆ. ಬೆರಳ ತುದಿಯ ರಕ್ತದಿಂದ ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ. ತಾಯಿಗೆ ಅಲ್ಲೇ ಮಾತ್ರೆ ಶುರು, ಮಗು ಹುಟ್ಟಿದ ಕೂಡಲೇ ಅದಕ್ಕೆ ಸಿರಪ್.